ಹಳ್ಳಿಯ ಅಂಗಡಿ, ಸರಕಾರದ ಪಾಲು

ನವಲಗುಂದ ತಾಲೂಕಿನ ಯಮನೂರಿನಲ್ಲಿ ಹೋಳಿ ಹುಣ್ಣಿಮೆಯ ಬಳಿಕ ಚಾಂಗದೇವನ ಜಾತ್ರೆ ಕೂಡುತ್ತದೆ. ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಈ ಕ್ಷೇತ್ರದಲ್ಲಿ ಬೆಣ್ಣಿಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆಂಬ ಪ್ರತೀತಿ ಉಂಟು. ಜಾತ್ರೆಯ ದಿನಗಳಲ್ಲಿ ಸಕಲ ಸರಕೂ ಹಳ್ಳದ ದಂಡೆಗೇ ಬರುತ್ತದೆ. ಆದರೆ ಅಂಗಡಿಕಾರರು ಗಂಟುಮೂಟೆ ಕಟ್ಟಿದ ಮೇಲೆ ಈ ಎರೆನಾಡಿನ ಮನೆಗಳ ದೀಪಕ್ಕೆ ಚಿಮಣಿ ಎಣ್ಣೆಯೇ ಬೇಕಾಗುತ್ತಿತ್ತು. ಮಳೆಗಾಲದ ಕೆಸರಿನಲ್ಲಿ ಗಾಡಿಯ ಗಾಲಿ ಹೂತರೆ ಸಂತೆಯ ದಾರಿಯೂ ಮುಚ್ಚಿದಂತೆಯೇ. ಊರ ಕಿರಾಣಿ ಅಂಗಡಿಯಲ್ಲಿ ಉದ್ರಿ ಸಿಗುತ್ತಿತ್ತು, ನಿಜ. ಸುಗ್ಗಿಯಲ್ಲಿ ಜೋಳ, ಹತ್ತಿಗಳು ಅದೇ ಬಾಗಿಲಿಗೆ ಹೋಗಬೇಕಾಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಈ ಕಟ್ಟಿನಿಂದ ಬಿಡಿಸಿಕೊಳ್ಳುವ ಮೊದಲ ಯತ್ನ ನಮ್ಮ ಸೀಮೆಯಲ್ಲಿಯೇ ನಡೆಯಿತೆಂಬುದು ಅಭಿಮಾನದ ಸಂಗತಿ. 1904ರ ಸಹಕಾರ ಕಾಯಿದೆಯ ಬೆನ್ನಲ್ಲೇ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಆ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಹೊಣೆ ಅಪರಿಮಿತ. ಅಂದರೆ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಬಾಧ್ಯರು. ಆದುದರಿಂದ ಲೆಕ್ಕ ಕೇಳುವುದು ಎಲ್ಲರಿಗೂ ಅನಿವಾರ್ಯವಾಗಿತ್ತು. ಪತ್ತಿನ ಹೊರತಾದ ಸಂಘಗಳಿಗೆ, ಎಂದರೆ ಸಹಕಾರಿ ಅಂಗಡಿಗೂ, ಕಾನೂನಿನ ಆಸರೆ ದೊರೆತದ್ದು 1912ರಲ್ಲಿ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ದುಡಿಯುವ ಜನರು ತಮ್ಮ ಉಳಿತಾಯವನ್ನೇ ಕೂಡಿಸಿ 1844ರಲ್ಲಿ ಇಂಥ ಅಂಗಡಿಯನ್ನು ತೆರೆದಿದ್ದರು.

ಬಡ ಹಳ್ಳಿಗಳು ಬಂಡವಾಳವನ್ನು ತಾವೇ ಕೂಡಿಸಲಾರವೆಂಬ ಅರಿವು ಸ್ವಾತಂತ್ರ್ಯಾನಂತರ ಬಲವಾಯಿತು. 1954ರಲ್ಲಿ ಗ್ರಾಮೀಣ ಪತ್ತಿನ ಸಮೀಕ್ಷಾ ಸಮಿತಿಯು ಸರಕಾರವೇ ಸಹಕಾರ ಸಂಸ್ಥೆಗಳ ಪಾಲುದಾರನಾಗಬೇಕೆಂದಿತು. 1962ರ ಚೀನೀ ಆಕ್ರಮಣದ ವೇಳೆ ಬೆಲೆಗಳನ್ನು ಹಿಡಿದಿಡಲು ಬಳಕೆದಾರರ ಸಹಕಾರಿ ಭಂಡಾರಗಳಿಗೆ ಕೇಂದ್ರವು ಪಾಲು ಹಣವನ್ನೂ ಸಾಲವನ್ನೂ ಒದಗಿಸತೊಡಗಿತು. ನಗರಗಳಲ್ಲಿ ಜನತಾ ಬಜಾರುಗಳು ಬಂದವು. ಹಳ್ಳಿಯಲ್ಲಿ ಪತ್ತಿನ ಸಂಘದ ಪಡಸಾಲೆಯೇ ಸಕ್ಕರೆ, ಎಣ್ಣೆಗಳ ಮಳಿಗೆಯಾಯಿತು. 1992ರಲ್ಲಿ ಬರಪೀಡಿತ, ಗುಡ್ಡಗಾಡು, ಆದಿವಾಸಿ ಪ್ರದೇಶಗಳಿಗಾಗಿ ಪಡಿತರ ವ್ಯವಸ್ಥೆಯನ್ನು ಪುನಾರಚಿಸಿದಾಗ, ಉಗ್ರಾಣ ಕಟ್ಟಲೂ ಸಂಚಾರಿ ಅಂಗಡಿಯ ವಾಹನ ಕೊಳ್ಳಲೂ ಬೊಕ್ಕಸದ ನೆರವು ದೊರೆಯಿತು.

ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕೈಚೀಲ ಹಿಡಿದು 'ಸೊಸಾಯ್ಟಿ'ಯ ಮುಂದೆ ಸರದಿಯಲ್ಲಿ ನಿಂತ ಬಾಲ್ಯ ನನ್ನದೂ ಹೌದು. ಆ ಸಕ್ಕರೆಯಿಂದಲೇ ನಮ್ಮ ಮನೆಯ ಹಬ್ಬಗಳು ಸಿಹಿಯಾಗುತ್ತಿದ್ದವು. ಆದರೂ ಒಂದು ಮಾತು ಹೇಳಬೇಕು. ಪಾಲು ಸರಕಾರದ್ದಾದಂತೆ ಊರವರು ಸದಸ್ಯತ್ವವನ್ನು ಮರೆತು ಬರಿಯ ಗಿರಾಕಿಗಳಾದರು. ದಾಸ್ತಾನು ತೀರಿದೆಯೆಂಬ ಫಲಕ ತೂಗಿದಾಗ ನಾವು ಸುಮ್ಮನೆ ಮರಳಿದೆವು. ಲೆಕ್ಕದ ಪುಸ್ತಕವನ್ನು ತೋರಿಸಿರೆಂದು ಕೇಳಿದವರಿಲ್ಲ. ಕಣಗಿನಹಾಳದ ಒಕ್ಕಲಿಗನಾದರೆ ಕೇಳದೆ ಬಿಡುತ್ತಿರಲಿಲ್ಲ, ಏಕೆಂದರೆ ನಷ್ಟ ಅವನ ಹೊಲಕ್ಕೇ ತಟ್ಟುತ್ತಿತ್ತು.

ಬೊಕ್ಕಸದ ಹಣವಿಲ್ಲದೆ ಬಡ ಊರಿಗೆ ಅಂಗಡಿ ಬರುವುದು ಕಷ್ಟ. ಬಂದ ಅಂಗಡಿ ಉಳಿಯಬೇಕಾದರೆ ಮಾತ್ರ ಊರವರ ಸ್ವಂತದ ಪಾಲು, ಅದೆಷ್ಟೇ ಚಿಕ್ಕದಾಗಿರಲಿ, ಅದರಲ್ಲಿ ಇರಬೇಕು. ನೀರಿನಿಂದ ಉರಿಯುವ ದೀಪ ದೇವರ ಮನೆಗೆ ಸಂದದ್ದು. ನಮ್ಮ ದೀಪಕ್ಕೆ ಎಣ್ಣೆ ನಾವೇ ಹಾಕಬೇಕು.