ಖಾತೆ: ಕಂದಾಯದ ಒಂದು ಪುಟದ ಕಥೆ

ಬ್ಯಾಂಕಿನಲ್ಲಿ ತೆರೆಯುವುದೂ ಖಾತೆ, ಮಂತ್ರಿಗೆ ಹಂಚುವುದೂ ಖಾತೆ, ಬೆಂಗಳೂರಿನ ಮನೆಗೆ ಮಾಡಿಸುವುದೂ ಖಾತೆ. ಆಸ್ತಿಯ ಮಟ್ಟಿಗೆ ಹೇಳುವುದಾದರೆ, ಇಂಥ ನಿವೇಶನದ ಅಥವಾ ಮನೆಯ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಸ್ಥಳೀಯ ಆಡಳಿತ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಪುಟವೇ ಖಾತೆ. ಆಸ್ತಿ ಯಾರದು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಒಡೆತನ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಅಥವಾ ವಾರಸಿನಿಂದ. ಕಂದಾಯದ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು, ಆಮೇಲೂ ಹಲವು ಸಲ ಹೇಳಿದೆ. ಆದರೂ ಸೈಟು ನೋಡಲು ಹೋದವರು ಮೊದಲು ಕೇಳುವುದು, ‘ಖಾತೆ ಎ-ನೋ ಬಿ-ನೋ?’ ಎಂದೇ.

ಈ ಗೊಂದಲದ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. 1862ರಲ್ಲಿ ಬೆಂಗಳೂರಿನ ಪೇಟೆಗೊಂದು, ದಂಡಿಗೊಂದು ಪುರಸಭಾ ಮಂಡಳಿಗಳು ಬಂದವು. ಮರುವರ್ಷ ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಶುರುವಾಯಿತು. ಹೊಲಗದ್ದೆಗಳಿಗೆಲ್ಲ ಸರ್ವೆ ನಂಬರು ಬಿತ್ತು, ಗ್ರಾಮನಕ್ಷೆ ಬರೆಯಲಾಯಿತು. ಮನೆಗಳು ಗುಂಪಾಗಿದ್ದ ಗ್ರಾಮಠಾಣಾ ಮಾತ್ರ ಈ ನಂಬರುಗಳ ಆಚೆಗೆ ಉಳಿಯಿತು. ಅಲ್ಲಿಂದ ಮುಂದೆ ಊರಿನ ನೆಲಕ್ಕೆ ಎರಡು ಲೆಕ್ಕ. ಹೊಲದ್ದು ಶಾನುಭೋಗರ ಪಹಣಿಯಲ್ಲಿ, ಮನೆಯದು ಪುರಸಭೆಯ ಖಾತೆಯಲ್ಲಿ. ಹೊಲವೇ ಮನೆಯಾಗುವ ಕಾಲ ಬಂದಾಗ ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುವ ದಾರಿ ಕಿರಿದಾಗಿಯೇ ಇತ್ತು.

ಮೊದಮೊದಲ ಬಡಾವಣೆಗಳಲ್ಲಿ ಈ ತೊಡಕು ಕಾಣಲಿಲ್ಲ. 1892ರಲ್ಲಿ ಚಾಮರಾಜಪೇಟೆ ಬಂತು, ಅದೇ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳ ರೂಪುರೇಷೆ ಸಿದ್ಧವಾಯಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗಟ್ಟಿದ ಮೇಲೆ ಅವು ತುಂಬತೊಡಗಿದವು. ಅಲ್ಲಿ ರಸ್ತೆ ಮೊದಲು, ನಿವೇಶನ ಆಮೇಲೆ, ಖಾತೆ ಕೊನೆಗೆ. 1945ರ ಕಾಯ್ದೆಯಿಂದ ಹುಟ್ಟಿದ ನಗರ ಸುಧಾರಣಾ ಮಂಡಳಿಯೂ, 1976ರ ಕಾಯ್ದೆಯ ಮೂಲಕ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಅದೇ ಕ್ರಮವನ್ನು ಮುಂದುವರಿಸಿದವು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್-ಕಮ್-ಸೇಲ್ ಕರಾರು, ಅದರ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಜಯನಗರದ ಹಳೆಯ ಮನೆಗಳ ಕಬ್ಬಿಣದ ಪೆಟ್ಟಿಗೆಗಳಲ್ಲಿ ಈ ಕಾಗದಗಳು ಇದೇ ವರಸೆಯಲ್ಲಿ ಇರುತ್ತವೆ. ಎಲ್ಲ ಸರಿಯಿದ್ದ ಆಸ್ತಿಗಷ್ಟೇ ಖಾತೆಯಾಗುತ್ತಿದ್ದುದರಿಂದ ಖಾತೆಯಿದ್ದರೆ ಎಲ್ಲ ಸರಿಯಿದೆ ಎಂಬ ನಂಬಿಕೆ ಬಲಿತದ್ದು ಸಹಜವೇ.

ಕೆಟ್ಟದ್ದು ಊರಂಚಿನಲ್ಲಿ. ಪ್ರಾಧಿಕಾರ ಹಂಚಿದ ನಿವೇಶನಗಳು ಬಂದು ಸೇರಿದ ಜನಕ್ಕೆ ಎಂದೂ ಸಾಕಾಗಲಿಲ್ಲ. ಭೂಸ್ವಾಧೀನದ ನೋಟಿಸು ಬಂದರೆ ಸಿಗುವ ಪರಿಹಾರಕ್ಕಿಂತ ತಾವೇ ಸೈಟು ಮಾಡಿ ಮಾರಿದರೆ ಹೆಚ್ಚು ಹಣ ಎಂಬುದು ಅಂಚಿನ ರೈತರಿಗೆ ಗೊತ್ತಿತ್ತು. 1974ರ ತಿದ್ದುಪಡಿಯ ನಂತರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಅಡ್ಡ ನಿಂತಿದ್ದವು. ಅವು ತೆರವಾದದ್ದು 2020ರಲ್ಲಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಕೃಷಿ ಜಮೀನಿನ ಬಳಕೆ ಬದಲಿಸಲು ಜಿಲ್ಲಾಧಿಕಾರಿಯ ಅನುಮತಿ ಕೇಳುತ್ತಿತ್ತು. ಜನರ ಬಾಯಲ್ಲಿ ಅದು ‘ಡಿಸಿ ಕನ್ವರ್ಷನ್’. ಇದನ್ನು ಮಾಡಿಸದೆ, ಅಥವಾ ಇದನ್ನಷ್ಟೇ ಮಾಡಿಸಿ ಬಡಾವಣೆಯ ನಕ್ಷೆಗೆ ಮಂಜೂರಾತಿ ಪಡೆಯದೆ, ಸುಣ್ಣದ ಗೆರೆ ಎಳೆದು ಮಾರಿದ ತುಂಡುಗಳೇ ‘ರೆವೆನ್ಯೂ ಸೈಟು’ಗಳು.

ಅಂಥ ಸೈಟಿನ ಕ್ರಯಪತ್ರದ ಕೊನೆಯ ಪುಟವನ್ನು ಓದಿದರೆ ತೊಂದರೆ ಅರ್ಥವಾಗುತ್ತದೆ. ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ, ಅಂದರೆ 1200 ಚದರಡಿ. ಗುಂಟೆಗೆ 1089ರ ಲೆಕ್ಕದಲ್ಲಿ ಒಂದು ಗುಂಟೆಗಿಂತ ತುಸು ಹೆಚ್ಚು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ‘ಇದೇ ಸರ್ವೆ ನಂಬರಿನ ಉಳಿಕೆ ಜಮೀನು’. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಉಳಿಕೆ ಜಮೀನೂ ಮಾರಾಟವಾಗಿರುತ್ತದೆ, ರಸ್ತೆ ಬೇರೆ ಕಡೆ ತಿರುಗಿರುತ್ತದೆ. ಕಾಗದದಲ್ಲಿರುವ ಸೈಟು ನೆಲದ ಮೇಲೆ ಯಾವುದು ಎಂದು ತೋರಿಸಲು ಯಾರಿಂದಲೂ ಆಗದು. ಕೆಲವು ಕಡೆ ಕ್ರಯಪತ್ರವೂ ಇಲ್ಲ, ಜಿಪಿಎ ಎಂಬ ಅಧಿಕಾರಪತ್ರ ಮತ್ತು ಕರಾರು ಅಷ್ಟೇ. ಜಿಪಿಎಯಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಖಚಿತವಾಗಿ ಹೇಳುವ ಹೊತ್ತಿಗೆ ಅಂಥ ಕಾಗದಗಳ ಮೇಲೆ ಎರಡು ಮೂರು ಮಹಡಿ ಎದ್ದಾಗಿತ್ತು. ಈ ಮನೆಗಳವರಿಗೆ ಆಸರೆಯಾಗಿದ್ದದ್ದು ಪಂಚಾಯಿತಿಗೆ ಕಂದಾಯ ಕಟ್ಟಿದ ರಸೀದಿ.

2007ರಲ್ಲಿ ಮಹಾನಗರ ಪಾಲಿಕೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. ಇಷ್ಟೂ ರಸೀದಿಗಳು ಅದರ ಮಡಿಲಿಗೆ ಬಿದ್ದವು. ತೆರಿಗೆ ಬಿಡುವಂತಿಲ್ಲ, ಆದರೆ ತೆರಿಗೆ ಪಡೆದರೆ ಅಕ್ರಮವನ್ನು ಒಪ್ಪಿದಂತಾಗಬಾರದು. ಇದಕ್ಕಾಗಿ ಪೌರನಿಗಮಗಳ ಕಾಯ್ದೆಯ 108ಎ ಕಲಮಿನಡಿ ಬೇರೊಂದು ವಹಿ ಇಟ್ಟರು, ಅದೇ ‘ಬಿ’ ವಹಿ. ಅದರ ನಕಲನ್ನು ಜನ ಬಿ ಖಾತೆ ಎಂದರು. ಅದಕ್ಕೆ ಜೊತೆಯಾಗಿ ಹಳೆಯ ಖಾತೆ ಎ ಖಾತೆಯಾಯಿತು. ಎರಡನೆಯ ದರ್ಜೆಯ ಖಾತೆ ಎಂಬ ಭಾವನೆ ಹಬ್ಬಿತು. ಅದು ಖಾತೆಯೇ ಅಲ್ಲ, ತೆರಿಗೆ ವಸೂಲಿಯ ಟಿಪ್ಪಣಿ ಎಂಬ ಪಾಲಿಕೆಯ ಮಾತು ಮಾರುಕಟ್ಟೆಯ ಗದ್ದಲದಲ್ಲಿ ಕೇಳಿಸಲಿಲ್ಲ. ಅಕ್ಕಪಕ್ಕದ ಎರಡು ಸೈಟುಗಳ ಬೆಲೆಯಲ್ಲಿ ಅಂತರ ಬಿದ್ದದ್ದು ಈ ಒಂದಕ್ಷರದಿಂದ, ಬಿ ಇದ್ದವರಿಗೆ ಕಟ್ಟಡದ ನಕ್ಷೆ ಮಂಜೂರಾಗುವುದಿಲ್ಲ, ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಕ್ರಮದ ಆಸೆ ಹುಟ್ಟಿಸಿದ ‘ಅಕ್ರಮ-ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು.

ಈ ಇತಿಹಾಸದಿಂದಾಗಿ ಆಸ್ತಿದಾರರು ಕಾಪಾಡಿಕೊಳ್ಳಬೇಕಾದ ಕಾಗದಗಳಲ್ಲಿ ಖಾತೆಗೆ ಸಿಗುವುದು ನಡುವಿನ ಸ್ಥಾನ. ಮೊದಲು ಬೇಕಾದದ್ದು ಮೂಲಪತ್ರದಿಂದ ಈಗಿನ ಕ್ರಯಪತ್ರದವರೆಗೆ ಕೊಂಡಿ ಕಳಚದ ಸರಪಳಿ. ಅದನ್ನು ತಾಳೆ ನೋಡಲು ಋಣಭಾರ ಪತ್ರ. ವಹಿವಾಟು ನಡೆದಿದ್ದರೆ ಅದು ನಮೂನೆ 15ರಲ್ಲಿ, ಏನೂ ನಡೆದಿಲ್ಲದಿದ್ದರೆ 16ರಲ್ಲಿ ಬರುತ್ತದೆ. ಆದರೆ ನೋಂದಣಿಯಾದದ್ದನ್ನಷ್ಟೇ ಅದು ತೋರಿಸಬಲ್ಲದು. ನೋಂದಾಯಿಸದ ಉಯಿಲು, ನೋಂದಾಯಿಸದ ಕರಾರು ಅದರಲ್ಲಿ ಕಾಣವು. ತೀರಿಹೋದವರ ಹೆಸರಿನಲ್ಲೇ ಖಾತೆ ಬಿಟ್ಟಿರುವುದು ಕುಟುಂಬಗಳಲ್ಲಿ ತೀರ ಸಾಮಾನ್ಯವಾದ ಉದಾಸೀನ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸುವ ಕೆಲಸ ಮೊದಲ ತಲೆಮಾರಿನಲ್ಲಿ ಸುಲಭ. ಮೂರನೆಯ ತಲೆಮಾರಿಗೆ ಸಹಿ ಹಾಕಬೇಕಾದವರು ಹತ್ತು ಊರುಗಳಲ್ಲಿ ಹಂಚಿಹೋಗಿರುತ್ತಾರೆ.

ಪಹಣಿಗಳನ್ನು ‘ಭೂಮಿ’ ಯೋಜನೆ 2000ದ ಹೊತ್ತಿಗೇ ಕಂಪ್ಯೂಟರಿಗೆ ಏರಿಸಿತ್ತು. ನಗರದ ಖಾತೆ ಮಾತ್ರ ಬಹುಕಾಲ ವಾರ್ಡ್ ಕಚೇರಿಯ ದಪ್ಪ ವಹಿಗಳಲ್ಲೇ ಉಳಿದಿತ್ತು. 2024ರ ಅಕ್ಟೋಬರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರ ಫೆಬ್ರುವರಿಯಲ್ಲಿ ರಾಜ್ಯದ ಇತರ ನಗರಗಳ ಅನಧಿಕೃತ ಬಡಾವಣೆಗಳಿಗೂ ಬಿ ಖಾತೆ ಕೊಡುವ ಅಭಿಯಾನ ನಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು; ಅದರ ಬೆನ್ನಿಗೇ, ಶುಲ್ಕ ಪಡೆದು ಬಿ ಖಾತೆಯನ್ನು ಎ ಖಾತೆಯಾಗಿಸುವ ಯೋಜನೆಯೂ ಬಂತು. ಇ-ಖಾತೆಗೆ ಅರ್ಜಿ ಹಾಕುವವರಿಂದ ಕ್ರಯಪತ್ರದ ಸಂಖ್ಯೆ, ತೆರಿಗೆಯ ಅರ್ಜಿ ಸಂಖ್ಯೆ, ಆಧಾರ್, ಬೆಸ್ಕಾಂ ಮೀಟರಿನ ವಿವರ, ಕಟ್ಟಡದ ಫೋಟೊ ಕೇಳುತ್ತಾರೆ. ಆಸ್ತಿ ಇರುವ ಜಾಗವನ್ನು ಕಂಪ್ಯೂಟರಿನ ನಕ್ಷೆಯ ಮೇಲೆ ಗುರುತಿಸಬೇಕು. ‘ಉಳಿಕೆ ಜಮೀನು’ ಎಂದು ಚಕ್ಕುಬಂದಿ ಬರೆಸಿಕೊಂಡವರು ಅಲ್ಲಿಗೆ ಬಂದು ನಿಲ್ಲುತ್ತಾರೆ.