ಬೈತಖೋಲದ ಹೆಸರು, ಮಕ್ಕಾದ ಹಗ್ಗ

ಕಾರವಾರದ ಬಂದರು ಪ್ರದೇಶಕ್ಕೆ ಬೈತಖೋಲ ಎಂಬ ಹೆಸರು ಅರಬ್ ನಾವಿಕರಿಂದ ಬಂದುದೆಂಬುದು ಈ ಕರಾವಳಿಯಲ್ಲಿ ಬಹುಕಾಲದಿಂದ ಉಳಿದು ಬಂದಿರುವ ಮಾತು. ಸುರಕ್ಷಿತ ಕೊಲ್ಲಿ ಎಂಬುದು ಅದಕ್ಕೆ ಹೇಳಲಾಗುವ ಅರ್ಥ. ಅರಬಿಯಲ್ಲಿ ಬೈತ್ ಎಂದರೆ ಮನೆ. ಕೊಂಕಣಿ ಬಲ್ಲವರ ಕಿವಿಗೆ ಖೋಲ ಎಂಬುದು ಆಳ ಎಂದೂ ಕೇಳಿಸುತ್ತದೆ. ಮೂಲ ಯಾವುದೇ ಇರಲಿ, ಹೆಸರು ಸುಳ್ಳಾಗಿಲ್ಲ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಮುನ್ಸೂಚನೆ ಬಂದಾಗ ಗೋವಾ, ಕೇರಳ, ತಮಿಳುನಾಡಿನ ಮೀನುಗಾರಿಕಾ ದೋಣಿಗಳು ಇಂದಿಗೂ ಇಲ್ಲಿಗೇ ಬಂದು ಲಂಗರು ಹಾಕುತ್ತವೆ. ಗುಡ್ಡಗಳು ಗಾಳಿಯನ್ನು ತಡೆಯುತ್ತವೆ, ಕೊಲ್ಲಿ ಅಲೆಯನ್ನು ತಗ್ಗಿಸುತ್ತದೆ. ಯಾವ ಶತಮಾನದ ಯಾವ ಅರಬ್ ನಾವಿಕ ಇಲ್ಲಿ ಮೊದಲು ಹಾಯಿ ಇಳಿಸಿದನೋ ಅವನ ಹೆಸರು ನಮಗೆ ತಲುಪಿಲ್ಲ. ಅವನ ಅನುಭವ ಮಾತ್ರ ಒಂದು ಪದವಾಗಿ ನಮ್ಮ ನಾಲಿಗೆಯ ಮೇಲೆ ಉಳಿದಿದೆ.

ಆದರೆ ದೋಣಿಗಳಿಗೆ ಆಶ್ರಯ ನೀಡುವ ಈ ನೆಲ ತನ್ನ ಮೇಲೆ ನೆಲೆಸಿದವರಿಗೆ ಅಷ್ಟು ಸುರಕ್ಷಿತವಾಗಿ ಉಳಿದಿಲ್ಲ. 2009ರ ಅಕ್ಟೋಬರ್ 2ರಂದು ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಮಣ್ಣಿನಡಿ ಸಿಲುಕಿ ಮರಣ ಹೊಂದಿದರು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿ ನದಿಯ ದಡದ ಹಳ್ಳಿಗಳನ್ನು ಮುಳುಗಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ, ಮನೆಯನ್ನೂ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಹನ್ನೊಂದು ಜೀವಗಳು ಹೋದವು. ಕೆಲವರ ಶರೀರವೂ ಬಂಧುಗಳಿಗೆ ದೊರೆಯಲಿಲ್ಲ. ಅದಾಗಿ ಮೂರು ವಾರಗಳಲ್ಲಿ, ಆಗಸ್ಟ್ 7ರ ನಡುರಾತ್ರಿ, ಕೋಡಿಬಾಗ ಮತ್ತು ಸದಾಶಿವಗಡಗಳ ನಡುವಣ ಹಳೆಯ ಕಾಳಿ ಸೇತುವೆ ಕುಸಿಯಿತು. ಜೀವ ಎಲ್ಲಕ್ಕಿಂತ ಮೊದಲು. ಒಂದು ಜೀವವನ್ನು ಉಳಿಸುವುದು ಸಕಲ ಮಾನವರನ್ನು ಉಳಿಸಿದಂತೆ ಎಂದು ಕುರ್‌ಆನ್ ಕಲಿಸಿದೆ. ಈ ಲೇಖನದ ವಿಷಯ ಅದರ ನಂತರದ್ದು: ಜನರು ಮನೆಗೆ ಮರಳಿದ ಮೇಲೆ, ತಾವು ಯಾರು ಎಂಬುದಕ್ಕೆ ಅವರ ಬಳಿ ಏನು ಉಳಿದಿರುತ್ತದೆ?

ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ಇತಿಹಾಸದಲ್ಲಿ ಒಂದು ಘಟನೆಯಿದೆ. ಅದು ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮಕ್ಕಾ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಸುತ್ತಲ ಬೆಟ್ಟಗಳಲ್ಲಿ ಮಳೆ ಸುರಿದರೆ ನೀರು ನೇರವಾಗಿ ಹರಮ್‌ನ ಕಡೆಗೆ ನುಗ್ಗುತ್ತದೆ. ಕ್ರಿ.ಶ. 1630ರಷ್ಟು ಈಚೆಗೆ ಪ್ರವಾಹದಿಂದ ಕಅಬಾದ ಗೋಡೆಗಳೇ ಕುಸಿದು, ಉಸ್ಮಾನಿ ಸುಲ್ತಾನ ನಾಲ್ಕನೆಯ ಮುರಾದನ ಕಾಲದಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಹಿಜ್ರಿ 17ರಲ್ಲಿ, ಹಝ್ರತ್ ಉಮರ್(ರ)ರ ಖಿಲಾಫತ್‌ನ ಕಾಲದಲ್ಲಿ, ಅಂಥದೇ ಒಂದು ಪ್ರವಾಹ ಬಂತು. ಅದರಲ್ಲಿ ಕೊಚ್ಚಿಹೋದ ಮಹಿಳೆಯೊಬ್ಬರ ಹೆಸರಿನಿಂದ ಅದು ಉಮ್ಮು ನಹ್ಶಲ್ ಪ್ರವಾಹವೆಂದು ಪ್ರಸಿದ್ಧವಾಯಿತು. ಮಖಾಮು ಇಬ್ರಾಹೀಮನ್ನು, ಅಂದರೆ ಪ್ರವಾದಿ ಇಬ್ರಾಹೀಮ್(ಅ) ಕಅಬಾ ಕಟ್ಟುವಾಗ ನಿಂತಿದ್ದ ಕಲ್ಲನ್ನು, ಆ ನೀರು ಕಿತ್ತು ಮಕ್ಕಾದ ತಗ್ಗಿನ ಭಾಗಕ್ಕೆ ಒಯ್ದಿತು. ಜನರು ಅದನ್ನು ಹುಡುಕಿ ತಂದು ಕಅಬಾದ ಬಳಿ ಕಟ್ಟಿ ಇರಿಸಿದರು. ಕಲ್ಲು ಸಿಕ್ಕಿತ್ತು, ಅದರ ಸ್ಥಳ ಅಳಿಸಿಹೋಗಿತ್ತು.

ಸುದ್ದಿ ತಲುಪಿದೊಡನೆ ಉಮರ್(ರ) ಮದೀನಾದಿಂದ ಹೊರಟು ಬಂದರು. ಅಷ್ಟು ವಿಶಾಲ ಸಾಮ್ರಾಜ್ಯದ ಖಲೀಫ ಒಂದು ಕಲ್ಲಿನ ಸ್ಥಾನವನ್ನು ನಿಶ್ಚಯಿಸಲು ಸ್ವತಃ ಪ್ರಯಾಣ ಮಾಡಿದ್ದನ್ನು ಗಮನಿಸಬೇಕು. ತನ್ನ ಅಂದಾಜಿನಲ್ಲಿ ಒಂದು ಜಾಗವನ್ನು ತೋರಿಸಿ ಅಲ್ಲಿಡಿ ಎಂದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಅವರು ಜನರನ್ನು ಕರೆದು, ಇದರ ಸ್ಥಳವನ್ನು ಖಚಿತವಾಗಿ ಬಲ್ಲವರು ಯಾರು ಎಂದು ಕೇಳಿದರು. ಬನೂ ಸಹ್ಮ್ ಕುಲದ ಮುತ್ತಲಿಬ್ ಇಬ್ನು ಅಬೀ ವದಾಅ ಮುಂದೆ ಬಂದರು. ಹೀಗೊಂದು ದಿನ ಆದೀತೆಂಬ ಆತಂಕ ತನಗಿತ್ತೆಂದೂ, ಆದ್ದರಿಂದ ಮಖಾಮಿನಿಂದ ಕಅಬಾದ ಮೂಲೆಗೆ, ಹಿಜ್ರ್‌ನ ಬಾಗಿಲಿಗೆ, ಝಮ್‌ಝಮ್ ಬಾವಿಗೆ ಇರುವ ದೂರವನ್ನು ಹಗ್ಗದಿಂದ ಅಳೆದು ಆ ಹಗ್ಗವನ್ನು ಮನೆಯಲ್ಲಿ ಇರಿಸಿದ್ದೇನೆಂದೂ ತಿಳಿಸಿದರು. ಉಮರ್(ರ) ಅವರನ್ನು ತನ್ನ ಬಳಿಯೇ ಕುಳ್ಳಿರಿಸಿಕೊಂಡು, ಹಗ್ಗವನ್ನು ಬೇರೆಯವರ ಮೂಲಕ ತರಿಸಿದರು. ಅಳತೆ ಹಿಡಿದರು, ಹೊಂದಿತು. ಅಷ್ಟಕ್ಕೇ ಬಿಡದೆ ನೆರೆದವರನ್ನೂ ವಿಚಾರಿಸಿ, ಅವರು ಒಪ್ಪಿದ ಮೇಲೆ ತಳಪಾಯ ಭದ್ರಪಡಿಸಿ ಮಖಾಮನ್ನು ಅಲ್ಲಿ ನೆಲೆಗೊಳಿಸಿದರು. ಮುಂದಿನ ಪ್ರವಾಹ ಹರಮ್‌ಗೆ ನುಗ್ಗದಿರಲೆಂದು ಮಕ್ಕಾದ ಮೇಲ್ಭಾಗದಲ್ಲಿ ದೊಡ್ಡ ಬಂಡೆಗಳ ಒಡ್ಡನ್ನೂ ಕಟ್ಟಿಸಿದರು. ಮಕ್ಕಾದ ಇತಿಹಾಸಕಾರ ಅಝ್ರಖಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ.

ಮುತ್ತಲಿಬ್ ಅಧಿಕಾರಿಯಾಗಿರಲಿಲ್ಲ. ಅಳೆದಿಡು ಎಂದು ಅವರಿಗೆ ಯಾರೂ ಆದೇಶಿಸಿರಲಿಲ್ಲ. ನೀರು ಬರುವ ಊರಿನಲ್ಲಿ ವಾಸಿಸುತ್ತಿದ್ದೇನೆಂಬ ಅರಿವು ಅವರಿಗಿತ್ತು, ಅಷ್ಟೇ. ಒಣ ದಿನಗಳಲ್ಲಿ ಹಗ್ಗ ಹಿಡಿದು ಅಳೆಯುತ್ತಿದ್ದ ಅವರನ್ನು ಕಂಡು ಕೆಲವರು ನಕ್ಕಿರಲೂ ಸಾಕು.

ನಮ್ಮ ಜಿಲ್ಲೆಗೆ ಬಂದರೆ, ಇಲ್ಲಿ ಅಂಥ ಹಗ್ಗ ಇಲ್ಲದ್ದರ ಫಲ ಕಾಣುತ್ತದೆ. ಕ್ರಿ.ಶ. 1340ರ ದಶಕದಲ್ಲಿ ಅಂಕೋಲಾದ ದಕ್ಷಿಣಕ್ಕಿರುವ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳು, ಏಳು ಶತಮಾನಗಳ ಹಿಂದೆ! ಮುಸ್ಲಿಮ್ ಸ್ತ್ರೀ ಶಿಕ್ಷಣದ ಕುರಿತು ನಮ್ಮನ್ನು ಪ್ರಶ್ನಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಆ ಶಾಲೆಗಳು ಯಾವ ಕೇರಿಯಲ್ಲಿದ್ದವು, ಅಲ್ಲಿ ಕಲಿಸಿದ ವಿದುಷಿಯರು ಯಾರು? ಅವರ ನೆನಪು ಉಳಿದದ್ದು ಒಬ್ಬ ಪರದೇಶಿಯ ಗ್ರಂಥದಲ್ಲಿ. ಅದೂ ಅವರು ಮೊರೊಕ್ಕೋಗೆ ಮರಳಿ, ನೆನಪಿನಿಂದ ಹೇಳಿ ಇಬ್ನ್ ಜುಝಯ್ಯ್ ಅವರಿಂದ ಬರೆಸಿದ್ದರಿಂದ. ಇಬ್ನ್ ಬತೂತಾರ ಟಿಪ್ಪಣಿಗಳ ಗತಿಯೂ ಹಾಗೆಯೇ ಆಯಿತು. ಬುಖಾರಾದ ವಿದ್ವಾಂಸರ ಗೋರಿಕಲ್ಲುಗಳಿಂದ ಅವರು ಬಹಳಷ್ಟು ಬರಹಗಳನ್ನು ನಕಲು ಮಾಡಿಕೊಂಡಿದ್ದರು. ಹೊನ್ನಾವರದ ದಕ್ಷಿಣದ ಕಡಲಿನಲ್ಲಿ ಕಡಲ್ಗಳ್ಳರು ಅವರ ಸರ್ವಸ್ವವನ್ನೂ ದೋಚಿದಾಗ ಅವರಲ್ಲಿದ್ದ ಬರಹಗಳೂ ಹೋದವು. ಬುಖಾರಾದ ನಕಲುಗಳನ್ನು ಹಿಂದೂಸ್ಥಾನದ ಸಮುದ್ರದಲ್ಲಿ ಕಳೆದುಕೊಂಡೆನೆಂದು ಅವರೇ ತಿಳಿಸಿದ್ದಾರೆ. ಅವರ ಬಳಿ ಎರಡನೆಯ ಪ್ರತಿ ಇರಲಿಲ್ಲ.

ಹಾಗಾದರೆ ಕಾರವಾರ, ಅಂಕೋಲಾಗಳಲ್ಲಿ ನಾವು ಕಳೆದುಕೊಳ್ಳಬಹುದಾದದ್ದು ಏನು? ಪರಂಪರೆ ಎಂದರೆ ಕೋಟೆ ಎಂದು ಭಾವಿಸುವುದು ವಾಡಿಕೆ. ಸೋಂದೆಯ ಅರಸ ಬಸವಲಿಂಗ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಸದಾಶಿವಗಡ ಕೋಟೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಇಲಾಖೆಯಿದೆ, ಪ್ರವಾಸಿಗರಿದ್ದಾರೆ. ಕಾಣದೆ ಇರುವುದು ಮಸೀದಿಯ ಕಪಾಟಿನಲ್ಲಿದೆ: ಜಮಾಅತಿನ ಹಳೆಯ ದಫ್ತರಗಳು, ನಿಕಾಹ್ ನೋಂದಣಿ ಪುಸ್ತಕಗಳು, ಖಬರಸ್ತಾನದ ಜಮೀನು ಕೊಟ್ಟವರ ದಾನಪತ್ರಗಳು, ಅಜ್ಜಿಯ ಪೆಟ್ಟಿಗೆಯಲ್ಲಿನ ಕೈಬರಹದ ಕಿತಾಬುಗಳು. ನವಾಯತರು, ಕೊಂಕಣಿ ಮುಸ್ಲಿಮರು, ಮೀನುಗಾರಿಕೆಯನ್ನು ಕಸುಬಾಗಿಸಿಕೊಂಡ ದಾಲ್ದಿಗಳು, ಇವರೆಲ್ಲರ ಇತಿಹಾಸಕ್ಕೆ ಅರಮನೆಯ ಶಾಸನಗಳಿಲ್ಲ. ಇರುವುದು ಇಂಥ ಕಾಗದಗಳೇ. ಇವು ಬರೇ ಭಾವನೆಯ ವಸ್ತುಗಳೂ ಅಲ್ಲ. ವಕ್ಫ್ ಆಸ್ತಿಗಳ ವಿವರ ದಾಖಲಿಸಲು 2025ರ ಜೂನ್ 6ರಂದು ಉಮೀದ್ ಪೋರ್ಟಲ್ ಆರಂಭವಾಗಿ ಆರು ತಿಂಗಳ ಗಡುವು ಬಂದಾಗ, ಹಳೆಯ ಕಾಗದಪತ್ರಗಳ ಬೆಲೆ ಎಲ್ಲ ಮುತವಲ್ಲಿಗಳಿಗೂ ಅರಿವಾಯಿತು. ತಲೆಮಾರುಗಳಿಂದ ಮಯ್ಯಿತ್ ದಫನ ಮಾಡುತ್ತಾ ಬಂದ ನೆಲವನ್ನು ನಮ್ಮದೆಂದು ತೋರಿಸಲು ಬೇಕಾದ ಒಂದು ಹಾಳೆ ಯಾವುದೋ ಮಳೆಗಾಲದಲ್ಲಿ ಕೊಳೆತು ಹೋಗಿದ್ದರೆ ನಷ್ಟವನ್ನು ಅನುಭವಿಸುವವರು ನಮ್ಮ ಮಕ್ಕಳು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ ಕುರ್‌ಆನಿನ ಅತಿ ದೀರ್ಘ ಆಯತ್ತಿನಲ್ಲಿ, ಸೂರಃ ಅಲ್ ಬಖರದ 282ರಲ್ಲಿ ಬಂದಿದೆ. ಬರೆದದ್ದನ್ನು ಕಾಪಾಡುವುದು ಆ ಆಜ್ಞೆಯ ಹೊರಗಿನ ವಿಷಯವೆಂದು ನನಗನಿಸುವುದಿಲ್ಲ.

ಗೋರಿಕಲ್ಲುಗಳ ಮಾತೆತ್ತಿದೊಡನೆ ಒಂದು ಆಕ್ಷೇಪ ಬರುತ್ತದೆ: ಗೋರಿಗಳನ್ನು ಕಟ್ಟಿ ಎತ್ತರಿಸುವುದನ್ನು ಪ್ರವಾದಿ(ಸ) ವಿರೋಧಿಸಿದ್ದರಲ್ಲವೇ? ಹೌದು. ಆದರೆ ಉಸ್ಮಾನ್ ಇಬ್ನು ಮಝ್‌ಊನ್(ರ)ರನ್ನು ದಫನ ಮಾಡಿದಾಗ ಗುರುತಿಗಾಗಿ ತಲೆಯ ಕಡೆ ಕಲ್ಲೊಂದನ್ನು ತಮ್ಮ ಕೈಯಾರೆ ಎತ್ತಿ ಇಟ್ಟವರೂ ಅವರೇ. ಅಬೂ ದಾವೂದರ ಸಂಗ್ರಹದಲ್ಲಿ ಈ ಹದೀಸ್ ಇದೆ. ಗೋರಿಯನ್ನು ವೈಭವೀಕರಿಸುವುದು ಬೇರೆ, ಇರುವ ಕಲ್ಲಿನ ಮೇಲಿನ ಹೆಸರನ್ನೂ ಹಿಜ್ರಿ ವರ್ಷವನ್ನೂ ಓದಿ ಬರೆದಿಟ್ಟುಕೊಳ್ಳುವುದು ಬೇರೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಮೂವತ್ತು ಕಲ್ಲುಗಳಿಗೆ ಒಂದು ಜುಮಾ ದಿನದ ಸಂಜೆ ಸಾಕು. ನಿಷ್ಠುರವಾದರೂ ಹೇಳಲೇಬೇಕು: ನಮ್ಮ ಹಳೆಯ ಮಸೀದಿಗಳ ಮರದ ಕೆತ್ತನೆಯನ್ನೂ ಕಲ್ಲಿನ ಬರಹವನ್ನೂ ನುಂಗಿದ್ದರಲ್ಲಿ ಪ್ರವಾಹಕ್ಕಿಂತ ನವೀಕರಣದ ಪಾಲೇ ಹೆಚ್ಚು. ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಹೋಗಲಾರದೆ ಗೋಡೆ ಒಳಗಿನಿಂದಲೇ ಸಡಿಲವಾಗುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಸುಣ್ಣದ ಗಾರೆಯನ್ನು ಹಿರಿಯರು ಸುಮ್ಮನೆ ಬಳಸಿರಲಿಲ್ಲ.

ವಿಪತ್ತಿನ ನಂತರದ ತಪ್ಪು ಇನ್ನೊಂದು ಬಗೆಯದು, ಮತ್ತು ಅದರ ಮೂಲ ಭಕ್ತಿಯಲ್ಲೇ ಇದೆ. ನೆನೆದು ಹರಿದ ಮುಸ್‌ಹಫ್‌ಗಳನ್ನು ಗೌರವಪೂರ್ವಕ ಹೂಳುವುದು ಅಥವಾ ಹರಿಯುವ ನೀರಿಗೆ ಬಿಡುವುದು ನಮ್ಮ ರೂಢಿ. ನೀರು ಇಳಿದ ಮೇಲೆ ಮನೆ ಶುಚಿಗೊಳಿಸುವಾಗ ಅರಬಿ ಲಿಪಿಯಲ್ಲಿರುವ ಎಲ್ಲ ಕಾಗದಗಳೂ ಅದೇ ಚೀಲ ಸೇರುತ್ತವೆ. ಅದರಲ್ಲಿ ಅಚ್ಚಾದ ಕುರ್‌ಆನ್ ಪ್ರತಿ ಯಾವುದು, ಅರಬಿ ಲಿಪಿಯಲ್ಲಿ ಬರೆದ ನವಾಯತಿ ಪದ್ಯ ಯಾವುದು, ಫಾರಸಿಯ ಜಮೀನು ಪತ್ರ ಯಾವುದು ಎಂದು ನೋಡುವವರಿಲ್ಲ. ಅಚ್ಚಿನ ಪ್ರತಿ ನಾಳೆ ಅಂಗಡಿಯಲ್ಲಿ ಸಿಗುತ್ತದೆ, ಕೈಬರಹ ಸಿಗದು. ಹೂಳುವ ಮುನ್ನ ಓದಬಲ್ಲ ಒಬ್ಬರಿಗೆ ತೋರಿಸುವುದು ಅಗೌರವವಲ್ಲ. ನೆನೆದ ಕಾಗದಕ್ಕೆ ಎರಡು ದಿನಗಳಲ್ಲಿ ಬೂಷ್ಟು ಹಿಡಿಯಲಾರಂಭಿಸುತ್ತದೆ. ಕಡುಬಿಸಿಲಿಗೆ ಒಡ್ಡಬಾರದು, ಅಂಟಿಕೊಂಡ ಹಾಳೆಗಳನ್ನು ಬಿಡಿಸಬಾರದು, ಕೆಸರನ್ನು ಉಜ್ಜಬಾರದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಬರಹವಿಲ್ಲದ ಬಿಳಿ ಕಾಗದಗಳನ್ನು ನಡುವೆ ಇಟ್ಟು ಒಣಗಿಸಬೇಕು. ಪುಸ್ತಕಗಳು ಹೆಚ್ಚಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಮದಂತೆ ಹೆಪ್ಪುಗಟ್ಟಿಸಿಡುವುದೇ ಮೇಲು. ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ತಜ್ಞರು ಸಿಗುವವರೆಗೆ ತಿಂಗಳುಗಳ ಅವಕಾಶ ದೊರೆಯುತ್ತದೆ. ಮೀನು ಕೆಡದಂತೆ ಕಾಯುವ ಶೈತ್ಯಾಗಾರಗಳು ಬಂದರು ಊರಿಗೆ ಹೊಸತಲ್ಲ. ಅದರ ಒಂದು ಮೂಲೆಯನ್ನು ಅಗತ್ಯ ಬಂದಾಗ ಕೇಳಬಹುದು.

ಇದು ಕಲ್ಪನೆಯ ಮಾತಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಂಡೋನೇಷ್ಯಾದ ಬಂಡಾ ಆಚೆಯ ಬೈತುರ್ರಹ್ಮಾನ್ ಮಸೀದಿ ನಿಂತು ಉಳಿದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಅದೇ ಊರಿನ ಆಚೆ ದಾಖಲೆ ಕೇಂದ್ರ ತನ್ನ ಸಂಗ್ರಹ ಸಮೇತ ನಾಶವಾದದ್ದು ಹೆಚ್ಚಿನವರಿಗೆ ತಿಳಿದಿಲ್ಲ. ಕೆಸರಿನಲ್ಲಿ ಸಿಕ್ಕ ಭೂದಾಖಲೆಯ ಪುಸ್ತಕಗಳನ್ನು ಹೆಪ್ಪುಗಟ್ಟಿಸಿ ಜಕಾರ್ತಾಕ್ಕೆ ಒಯ್ದು, ಜಪಾನಿನ ನೆರವಿನಿಂದ ಒಣಗಿಸಿ ಉಳಿಸಲಾಯಿತು. ಕಡಲಿನಿಂದ ದೂರವಿದ್ದ ತಾನೋ ಅಬೀಯ ಮದ್ರಸದ ಹಸ್ತಪ್ರತಿಗಳು ಸುರಕ್ಷಿತವಾಗಿ ಉಳಿದವು.

ದೂರದಲ್ಲೊಂದು ಪ್ರತಿ ಇಡುವ ಈ ಕ್ರಮ ಸಹಾಬಿಗಳಿಂದಲೇ ಬಂದುದು. ಯಮಾಮಾ ಪ್ರಕೃತಿ ವಿಕೋಪವಲ್ಲ, ಯುದ್ಧ. ಅಲ್ಲಿ ಹಲವು ಹಾಫಿಝ್‌ಗಳು ಹುತಾತ್ಮರಾದಾಗ, ಇನ್ನೊಂದು ಆಘಾತ ಬರುವ ಮುನ್ನವೇ ಕುರ್‌ಆನನ್ನು ಒಂದೆಡೆ ಬರೆದಿಡಬೇಕೆಂದು ಉಮರ್(ರ) ಒತ್ತಾಯಿಸಿದರು. ಅಬೂಬಕರ್(ರ) ಝೈದ್ ಇಬ್ನು ಸಾಬಿತ್(ರ)ರಿಗೆ ಆ ಹೊಣೆ ವಹಿಸಿದರು. ಆ ಪ್ರತಿ ಮುಂದೆ ಹಫ್ಸಾ(ರ)ರ ಬಳಿ ಇತ್ತು. ಉಸ್ಮಾನ್(ರ) ಅದರಿಂದ ನಕಲುಗಳನ್ನು ಮಾಡಿಸಿ ಬೇರೆ ಬೇರೆ ನಗರಗಳಿಗೆ ಕಳುಹಿಸಿದರು. ನಮ್ಮ ಜಮಾಅತಿನ ದಫ್ತರದ ಸ್ಕ್ಯಾನ್ ಪ್ರತಿಯೊಂದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಸಂಬಂಧಿಕರ ಮನೆಯಲ್ಲಿದ್ದರೆ ಸಾಕು. ಕಾರ್ಯದರ್ಶಿಯ ಮೊಬೈಲಿನಲ್ಲಿ ಮಾತ್ರ ಇರುವ ವಾಟ್ಸಾಪ್ ಫೋಟೋವನ್ನು ಪ್ರತಿಯೆಂದು ಎಣಿಸಲಾಗದು.

ಹಿಜ್ರಿ 886ರ, ಅಂದರೆ ಕ್ರಿ.ಶ. 1481ರ ರಮಝಾನಿನಲ್ಲಿ ಮಸ್ಜಿದುನ್ನಬವಿಯ ಮಿನಾರಕ್ಕೆ ಸಿಡಿಲು ಬಡಿದು ಬೆಂಕಿ ಹತ್ತಿತು. ಮದೀನಾದ ಇತಿಹಾಸವನ್ನು ಬರೆಯುತ್ತಿದ್ದ ಇಮಾಮ್ ಸಮ್‌ಹೂದಿಯವರ ಗ್ರಂಥಭಂಡಾರ ಆ ಬೆಂಕಿಗೆ ಆಹುತಿಯಾಯಿತು. ಅವರು ಆಗ ಮಕ್ಕಾದಲ್ಲಿದ್ದರು. ಅವರು ಬರೆಯುತ್ತಿದ್ದ ಬೃಹತ್ ಗ್ರಂಥ ಬೂದಿಯಾಯಿತು. ಅದರ ಸಂಕ್ಷಿಪ್ತ ರೂಪ ಮಾತ್ರ ಅವರೊಡನೆ ಮಕ್ಕಾಕ್ಕೆ ಹೋಗಿತ್ತು. ಮದೀನಾದ ಮಸೀದಿಯ ಯಾವ ಕಂಬ ಎಲ್ಲಿತ್ತು, ಯಾವ ಸಹಾಬಿಯ ಮನೆ ಯಾವ ದಿಕ್ಕಿನಲ್ಲಿತ್ತು ಎಂದು ವಿದ್ವಾಂಸರು ಇಂದಿಗೂ ನೋಡುವ ‘ವಫಾಉಲ್ ವಫಾ’ ಆ ಪ್ರಯಾಣದ ಗಂಟಿನಲ್ಲಿದ್ದ ಗ್ರಂಥ.