ಕೊಂಡಿ ಬಿದ್ದ ಮೇಲೆ ಎಷ್ಟು ದಿನ?

1927ರಲ್ಲಿ ಪುಣೆಯ ಫರ್ಗ್ಯೂಸನ್ ಕಾಲೇಜಿನ ವಿದ್ಯಾರ್ಥಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರಿಗೆ ಗಣಿತದಲ್ಲಿ ಸ್ವಂತ ಕೆಲಸಕ್ಕಾಗಿ ಕೊಡುವ ಬಹುಮಾನವೊಂದು ಬಂತು. ಅದು ಪರಾಂಜಪೆಯವರ ಹೆಸರಿನದು. 1899ರಲ್ಲಿ ಕೇಂಬ್ರಿಡ್ಜಿನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯ ಆರ್. ಪಿ. ಪರಾಂಜಪೆ, ಇದೇ ಕಾಲೇಜಿಗೆ ಬಹಳ ವರ್ಷ ಪ್ರಿನ್ಸಿಪಾಲರಾಗಿದ್ದವರು. ಅಂಥವರ ಹೆಸರಿನ ಬಹುಮಾನ ಪಡೆದ ಹುಡುಗ ಮುಂದೆ ದೊಡ್ಡ ವಿಶ್ವವಿದ್ಯಾಲಯ ಸೇರುತ್ತಾನೆಂದು ಯಾರಾದರೂ ಎಣಿಸಬಹುದಿತ್ತು. ಹಾಗಾಗಲಿಲ್ಲ. ಕಾಪ್ರೇಕರ್ 1929ರಲ್ಲಿ ಬಿ.ಎಸ್ಸಿ. ಮುಗಿಸಿ, ಮರುವರ್ಷ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಮೇಷ್ಟ್ರಾದರು. 1962ರಲ್ಲಿ ನಿವೃತ್ತರಾಗುವವರೆಗೂ ಮೇಷ್ಟ್ರಾಗಿಯೇ ಉಳಿದರು.

ಅವರ ಹೆಸರನ್ನು ಇಂದಿಗೂ ಉಳಿಸಿರುವುದು ನಾಲ್ಕಂಕಿಯ ಒಂದು ಆಟ. ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಒಮ್ಮೆ, ಏರಿಕೆಯ ಕ್ರಮದಲ್ಲಿ ಒಮ್ಮೆ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಕಾಪ್ರೇಕರ್ ಹುಟ್ಟಿದ ವರ್ಷ 1905. 9510ರಿಂದ 0159 ಕಳೆದರೆ 9351. ಮುಂದೆ 8172, 7443, 3996, 6264, 4176, ಕೊನೆಗೆ 6174. ಅಲ್ಲಿಂದ ಆಚೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಬೇರೇನೂ ಬರುವುದಿಲ್ಲ. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ನಿಲ್ಲಬೇಕು. 1905ಕ್ಕೆ ಆ ಏಳೂ ಹೆಜ್ಜೆ ಬೇಕಾಗುತ್ತವೆ.

ಸಂಖ್ಯೆ ಏಳು ಹೆಜ್ಜೆಯಲ್ಲಿ ತಲುಪಿತು. ಅದನ್ನು ಕಂಡವರ ಹೆಸರು ಲೋಕಕ್ಕೆ ತಲುಪಲು ಎಷ್ಟು ಹಿಡಿಯಿತು? 1949ರಲ್ಲಿ ಕಾಪ್ರೇಕರ್ ಮದರಾಸಿನ ಗಣಿತ ಸಮ್ಮೇಳನದಲ್ಲಿ ಇದನ್ನು ಮುಂದಿಟ್ಟರು. 1955ರಲ್ಲಿ ನ್ಯೂಯಾರ್ಕಿನ ‘ಸ್ಕ್ರಿಪ್ಟಾ ಮ್ಯಾಥಮೆಟಿಕಾ’ ಪತ್ರಿಕೆಯಲ್ಲಿ 6174ರ ಬಗ್ಗೆ ಅವರ ಬರಹ ಬಂತು. ಇಲ್ಲಿನ ಗಣಿತಜ್ಞರಲ್ಲಿ ಹಲವರಿಗೆ ಅದು ಹುಡುಗಾಟದ ಲೆಕ್ಕವಾಗಿ ಕಂಡಿತು. ಹಿತ್ತಲ ಗಿಡ ಮದ್ದಲ್ಲ. ಕಾಪ್ರೇಕರ್ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬರೆಯುತ್ತ, ತಾವೇ ಪುಸ್ತಿಕೆ ಅಚ್ಚು ಹಾಕಿಸುತ್ತ ಹೋದರು. 1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದರು. ಆ ಅಂಕಣವನ್ನು ಓದುವವರು ದೇಶದೇಶಗಳಲ್ಲಿದ್ದರು. ಅಲ್ಲಿಂದ ಮುಂದೆ ಕಾಪ್ರೇಕರ್ ಹೆಸರಾದರು. ಮದರಾಸಿನಿಂದ ಲೆಕ್ಕ ಹಾಕಿದರೆ 26 ವರ್ಷ.

ಈ 26 ವರ್ಷಗಳಲ್ಲಿ ಸಂಖ್ಯೆ ಬದಲಾಗಿರಲಿಲ್ಲ, ಬರಹವೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಬಹಳ ಜನ ನೋಡುವ ಜಾಗದಿಂದ ಅದರತ್ತ ಒಂದು ಕೈ ಬೊಟ್ಟು ಮಾಡಿತು. ಇಂದು ಅಂತರ್ಜಾಲದಲ್ಲಿ ಪುಟ ನಡೆಸುವವರು ಇದನ್ನೇ ಬ್ಯಾಕ್‌ಲಿಂಕ್ ಎನ್ನುತ್ತಾರೆ. ಬೇರೆಯವರ ಪುಟದಿಂದ ನಮ್ಮ ಪುಟಕ್ಕೆ ಬೀಳುವ ಕೊಂಡಿ ಅದು. ಹೊಸ ಕೊಂಡಿ ಬಿದ್ದ ಎಷ್ಟು ದಿನಕ್ಕೆ ಗೂಗಲ್‌ನಲ್ಲಿ ನಮ್ಮ ಪುಟ ಮೇಲೆ ಬರುತ್ತದೆ ಎಂಬುದು ಅವರ ನಿತ್ಯದ ಪ್ರಶ್ನೆ. ಪ್ರಶ್ನೆ ಹೊಸದು, ಅದರ ಹಿಂದಿನ ಕಥೆ ಹಳೆಯದು.

ಯಾರು ಯಾರನ್ನು ಉಲ್ಲೇಖಿಸಿದರು ಎಂದು ಪಟ್ಟಿ ಮಾಡುವ ಕೆಲಸ ವಕೀಲರ ಲೋಕದಲ್ಲಿ ಆಗಲೇ ನಡೆದಿತ್ತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಇದನ್ನು ಶುರು ಮಾಡಿದ. ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂಬುದು ಅದರಿಂದ ತಿಳಿಯುತ್ತಿತ್ತು. 6174ರ ಬರಹ ಅಚ್ಚಾದ 1955ರಲ್ಲೇ ಯೂಜೀನ್ ಗಾರ್ಫೀಲ್ಡ್ ‘ಸೈನ್ಸ್’ ಪತ್ರಿಕೆಯಲ್ಲಿ, ವಿಜ್ಞಾನಕ್ಕೂ ಇಂಥ ಉಲ್ಲೇಖ ಸೂಚಿ ಬೇಕೆಂದು ವಾದಿಸಿದರು. 1960ರ ದಶಕದಲ್ಲಿ ಅವರ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು. ಒಂದು ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬುದು ಕ್ರಮೇಣ ಆ ಲೇಖನದ ಬೆಲೆಯೇ ಆಗಿಬಿಟ್ಟಿತು.

1996ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಈ ಲೆಕ್ಕವನ್ನು ಅಂತರ್ಜಾಲಕ್ಕೆ ಹಚ್ಚಿದರು. ಸರ್ಗೆ ಬ್ರಿನ್ ಜೊತೆಗೂಡಿದರು. ಅವರ ಯಂತ್ರದ ಮೊದಲ ಹೆಸರು ‘ಬ್ಯಾಕ್‌ರಬ್’. ಹಿಂದಿನಿಂದ ಬರುವ ಕೊಂಡಿಗಳನ್ನು ಎಣಿಸುತ್ತಿದ್ದುದರಿಂದ ಆ ಹೆಸರು. ಗಾರ್ಫೀಲ್ಡ್ ಎಣಿಕೆಯಲ್ಲಿ ಎಲ್ಲ ಉಲ್ಲೇಖಗಳೂ ಸಮ. ಪೇಜ್ ಎಣಿಕೆಯಲ್ಲಿ ಹಾಗಲ್ಲ. ತೂಕದ ಪುಟದಿಂದ ಬಂದ ಕೊಂಡಿಗೆ ತೂಕ ಹೆಚ್ಚು, ಯಾರೂ ನೋಡದ ಪುಟದಿಂದ ಬಂದದ್ದಕ್ಕೆ ಕಡಿಮೆ. ಗಾರ್ಡ್ನರ್ ಒಬ್ಬರ ಮಾತು ಹತ್ತು ಜನರ ಮಾತಿಗಿಂತ ಹೆಚ್ಚು ಕೆಲಸ ಮಾಡಿತಲ್ಲ, ಅದೇ ನ್ಯಾಯ.

ಆದರೆ ಒಂದು ಪುಟದ ತೂಕ ತಿಳಿಯಲು ಅದಕ್ಕೆ ಕೊಂಡಿ ಕೊಟ್ಟ ಪುಟಗಳ ತೂಕ ತಿಳಿದಿರಬೇಕು, ಅವುಗಳ ತೂಕಕ್ಕೆ ಇನ್ನೂ ಹಿಂದಿನವುಗಳದ್ದು. ಇದಕ್ಕೆ ಕೊನೆ ಎಲ್ಲಿ? ಇಲ್ಲಿ ಕಾಪ್ರೇಕರ್ ಅವರ ಆಟ ನೆನಪಾಗಬೇಕು. ಎಲ್ಲ ಪುಟಗಳಿಗೂ ಮೊದಲು ಒಂದೇ ತೂಕ ಕೊಟ್ಟು ಲೆಕ್ಕ ಹಾಕಬೇಕು, ಬಂದ ಉತ್ತರವನ್ನೇ ಹಾಕಿ ಮತ್ತೆ ಲೆಕ್ಕ ಮಾಡಬೇಕು. ಕೆಲವು ಸುತ್ತುಗಳ ನಂತರ ಸಂಖ್ಯೆಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. 32 ಕೋಟಿಗೂ ಹೆಚ್ಚು ಕೊಂಡಿಗಳ ಲೆಕ್ಕ ಸುಮಾರು 52 ಸುತ್ತಿನಲ್ಲಿ ನೆಲೆಗೆ ಬಂತೆಂದು ಅವರ ತಂಡ ಬರೆದಿದೆ. 2 ಕೋಟಿ 60 ಲಕ್ಷ ಪುಟಗಳ ತೂಕವನ್ನು ಆ ಕಾಲದ ಸಾಧಾರಣ ಕಂಪ್ಯೂಟರ್ ಕೆಲವೇ ಗಂಟೆಗಳಲ್ಲಿ ತೆಗೆಯಬಲ್ಲುದಾಗಿತ್ತು.

ಅಂದರೆ ತಡವಾಗುವುದು ಲೆಕ್ಕದಲ್ಲಲ್ಲ. ಮೊದಲನೆಯ ತಡ, ಕೊಂಡಿ ಬಿದ್ದಿದೆಯೆಂದು ಯಂತ್ರಕ್ಕೆ ಗೊತ್ತಾಗುವುದರಲ್ಲಿ. ಯಂತ್ರ ಪುಟದಿಂದ ಪುಟಕ್ಕೆ ತಿರುಗುತ್ತದೆ. ಸುದ್ದಿ ಪತ್ರಿಕೆಯ ಮುಖಪುಟಕ್ಕೆ ದಿನಕ್ಕೆ ಹಲವು ಸಲ ಬರುತ್ತದೆ, ಮೂಲೆಯ ಪುಟಕ್ಕೆ ಬರುವುದು ಅಪರೂಪ. 2003ರ ನಡುಭಾಗದವರೆಗೆ ಗೂಗಲ್ ತನ್ನ ಸೂಚಿಯನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಒಟ್ಟಾಗಿ ಬದಲಿಸುತ್ತಿತ್ತು. ಆ ಕೆಲವು ದಿನ ಪುಟಗಳ ಸ್ಥಾನ ಮೇಲೆ ಕೆಳಗೆ ಜಿಗಿಯುತ್ತಿದ್ದುದರಿಂದ ಜನ ಅದನ್ನು ‘ಗೂಗಲ್ ಡ್ಯಾನ್ಸ್’ ಎಂದರು. 2003ರ ನಂತರ ಸ್ವಲ್ಪ ಸ್ವಲ್ಪವಾಗಿ ದಿನವೂ ಬದಲಿಸುವುದು ಶುರುವಾಯಿತು. 2010ರ ‘ಕೆಫೀನ್’ ವ್ಯವಸ್ಥೆ ಇದನ್ನು ಇನ್ನಷ್ಟು ಚುರುಕುಗೊಳಿಸಿತು.

ಎರಡನೆಯ ತಡ ನಂಬಿಕೆಯದು. ಕೊಂಡಿಗೆ ಬೆಲೆ ಬಂದ ಕೂಡಲೇ ಅದು ಮಾರಾಟದ ಸರಕಾಯಿತು. ಕಮೆಂಟುಗಳಲ್ಲಿ ತುರುಕುವ ಕೊಂಡಿಗಳನ್ನು ಲೆಕ್ಕದಿಂದ ಬಿಡಲು 2005ರ ಜನವರಿಯಲ್ಲಿ ‘ನೋಫಾಲೋ’ ಎಂಬ ಗುರುತು ಬಂತು. 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಬಂದು, ಕೊಂಡಿ ಕೊಂಡು ಮೇಲೇರಿದವರನ್ನು ಕೆಳಗಿಳಿಸಿತು. ಈ ಶಿಕ್ಷೆಗೆ ಒಂದು ಕ್ರೂರ ಮುಖವಿತ್ತು. ಪೆಂಗ್ವಿನ್ ಪ್ರತ್ಯೇಕವಾಗಿ, ಆಗೊಮ್ಮೆ ಈಗೊಮ್ಮೆ ಓಡುತ್ತಿತ್ತು. ತಪ್ಪು ತಿದ್ದಿಕೊಂಡವರೂ ಮುಂದಿನ ಓಟದವರೆಗೆ ಕಾಯಬೇಕಿತ್ತು. 2014ರ ಅಕ್ಟೋಬರ್ ನಂತರದ ದೊಡ್ಡ ಬಿಡುಗಡೆ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ. ಗೂಗಲ್ ಹುಡುಕಾಟವನ್ನೇ ನಂಬಿ ವ್ಯಾಪಾರ ನಡೆಸುತ್ತಿದ್ದ ಸಣ್ಣವರಿಗೆ ಎರಡು ವರ್ಷವೆಂದರೆ ಅಂಗಡಿ ಮುಚ್ಚುವಷ್ಟು ಕಾಲ. ಆಮೇಲೆ ಪೆಂಗ್ವಿನ್ ಮೂಲ ಲೆಕ್ಕದೊಳಗೇ ಸೇರಿಹೋಯಿತು.

ಹಾಗಾದರೆ ಇಂದಿನ ಉತ್ತರವೇನು? ಪುಟದಲ್ಲಿ ಮಾಡಿದ ಬದಲಾವಣೆಯ ಫಲ ಕೆಲವು ಗಂಟೆಗಳಲ್ಲೂ ಕಾಣಬಹುದು, ಹಲವು ತಿಂಗಳೂ ಹಿಡಿಯಬಹುದು, ಕೆಲವು ವಾರ ಕಾದು ನೋಡಿ ಎನ್ನುತ್ತದೆ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ. ಕೊಂಡಿಯ ಮಾತೂ ಅಷ್ಟೇ. ಇಷ್ಟೇ ದಿನದಲ್ಲಿ ಮೇಲೆ ತರುತ್ತೇನೆ ಎಂದು ಹಣ ಕೇಳುವವರ ಮಾತಿಗೆ ಆಧಾರವಿಲ್ಲ.

ಮೂರನೆಯ ತಡವೊಂದಿದೆ, ಅದು ಯಂತ್ರದ್ದಲ್ಲ. ಕೊಂಡಿ ಬೇರೆ ಹೆಸರಿಗೆ ಬೀಳುವುದು. ಒಂದು ಸಂಖ್ಯೆಗೆ ಅದರ ಅಂಕಿಗಳನ್ನೇ ಕೂಡಿಸಿದರೆ ಇನ್ನೊಂದು ಹುಟ್ಟುತ್ತದೆ: 21ಕ್ಕೆ 2 ಮತ್ತು 1 ಸೇರಿಸಿದರೆ 24. ಆದರೆ 20 ಹೀಗೆ ಯಾವುದರಿಂದಲೂ ಹುಟ್ಟುವುದಿಲ್ಲ. ಇಂಥವನ್ನು ಕಾಪ್ರೇಕರ್ ಸ್ವಯಂಭೂ ಸಂಖ್ಯೆಗಳೆಂದು ಕರೆದರು. ಎಷ್ಟೋ ವರ್ಷಗಳ ನಂತರ, 1970ರ ದಶಕದಲ್ಲಿ, ಕೊಲಂಬಿಯಾದ ಬೆರ್ನಾರ್ದೊ ರೆಕಾಮಾನ್ ಇವನ್ನೇ ಸಮಸ್ಯೆಯಾಗಿ ಅಮೆರಿಕದ ಗಣಿತ ಪತ್ರಿಕೆಯಲ್ಲಿ ಮುಂದಿಟ್ಟರು. ಅವಕ್ಕೆ ಕೊಲಂಬಿಯನ್ ಸಂಖ್ಯೆ ಎಂಬ ಹೆಸರೂ ನಿಂತಿತು. ದೇವಳಾಲಿ ಸಂಖ್ಯೆ ಎಂದು ಕರೆಯುವವರೂ ಇದ್ದಾರೆ. ಯಾರೂ ಕದ್ದಿರಲಿಲ್ಲ. ದೇವಳಾಲಿಯ ಪುಸ್ತಿಕೆಗೆ ಅಷ್ಟು ದೂರದ ದಾರಿ ಇರಲಿಲ್ಲ, ಅಷ್ಟೆ.

ಕನ್ನಡದವರಿಗೆ ಇದರ ಇನ್ನೊಂದು ರೂಪ ಗೊತ್ತಿರಬೇಕು, ಅದರ ಎಳೆಯೂ ಪುಣೆಯಲ್ಲೇ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮುದ್ರಿತ ಆವೃತ್ತಿಯನ್ನು 1898ರಲ್ಲಿ ಸಂಪಾದಿಸಿದವರು ಕೆ. ಬಿ. ಪಾಠಕ್. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ವಿದ್ವಾಂಸರು. 1934ರಲ್ಲಿ ಭಂಡಾರಕರ್ ಸಂಸ್ಥೆ ಅವರ ಗೌರವಕ್ಕೆ ಲೇಖನ ಸಂಪುಟ ತಂದಿತು. ಕವಿರಾಜಮಾರ್ಗ ಹಿಂದಿನ ಗದ್ಯಕಾರರಾಗಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಒಂದು ಕನ್ನಡ ಕೃತಿಯೂ ಇಂದು ನಮ್ಮ ಕೈಯಲ್ಲಿಲ್ಲ. ಕೊಂಡಿ ಉಳಿದಿದೆ, ಪುಟ ಹೋಗಿದೆ. ಕನ್ನಡ ಗದ್ಯ ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದಾಗ ನಾವು ಇವತ್ತಿಗೂ ಆ ಐದು ಹೆಸರುಗಳನ್ನೇ ತೋರಿಸುತ್ತೇವೆ. ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೂ ಆ ಉಲ್ಲೇಖ ಕೆಲಸ ಮಾಡುತ್ತಿದೆ.

ಯಂತ್ರ ಎಣಿಸುವುದು ಯಾರೋ ಕೊಟ್ಟ ಕೊಂಡಿಯನ್ನು. ಕೊಡುವವರು ಮನುಷ್ಯರೇ. ಒಳ್ಳೆಯ ಕನ್ನಡ ಬರಹ ಓದಿದವರು ಅದರ ಹೆಸರು, ಬರೆದವರ ಹೆಸರು, ಸಿಗುವ ಜಾಗ ಮೂರನ್ನೂ ತಮ್ಮ ಬರಹದಲ್ಲಿ ಹೇಳಿದರೆ, ಅದರ ಫಲ ವಾರದಲ್ಲೋ ವರ್ಷದಲ್ಲೋ ಕಾಣಬಹುದು. ಹೇಳದಿದ್ದರೆ ಎಂದೂ ಕಾಣುವುದಿಲ್ಲ. ಕಾಪ್ರೇಕರ್ 1986ರಲ್ಲಿ ತೀರಿಕೊಂಡರು. ಗಾರ್ಡ್ನರ್ ಬರೆದಾಗ ಅವರಿಗೆ 70 ವರ್ಷ. ಹನ್ನೊಂದು ವರ್ಷ ಆ ಹೆಸರನ್ನು ಅವರು ಕಣ್ಣಾರೆ ಕಂಡರು. ಹತ್ತಿರದ ಯಾರಾದರೂ ಮೊದಲೇ ಬರೆದಿದ್ದರೆ ಇನ್ನಷ್ಟು ವರ್ಷ ಕಾಣುತ್ತಿದ್ದರು.